ಮನೆಯೊಳಗಿನ ಮೆತ್ತಗಿನದು

ನಮ್ಮ ಊರಿನಲ್ಲಿ ತೂತು ಅಳೆಯುವ ಕೆಲಸ ನನ್ನದು. ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಇದಕ್ಕೆ ಹೆಚ್ಚು ಸಾಮಾನು ಬೇಡ. ಅಂಗಳ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ, ಕಡ್ಡಿಯ ಮೇಲೆ ಗುರುತು ಹಾಕಲು ಹೆಬ್ಬೆರಳಿನ ಉಗುರು, ಮನೆಯವರು ಅಳುವಾಗ ತೆಂಗಿನಮರದ ತುದಿ ನೋಡುತ್ತಾ ನಿಲ್ಲುವ ಅಭ್ಯಾಸ, ಇಷ್ಟಿದ್ದರೆ ಸಾಕು. ನನ್ನ ಹೆಸರು ವಾರಿಜ. ಊರವರು ಕಡ್ಡಿ ವಾರಿಜ ಎನ್ನುತ್ತಾರೆ, ನನ್ನ ಎದುರಿಗೆ ವಾರಿಜಕ್ಕ ಎನ್ನುತ್ತಾರೆ.

ಹುಳುವಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅದು ಕಡಲಿನ ಬಸವನಹುಳು, ನಿಂಬೆಹಣ್ಣಿನಷ್ಟು ದೊಡ್ಡದು, ದುಂಡಗೆ, ನುಣ್ಣಗೆ, ನೋಡಿದರೆ ಪಾಪ ಅನಿಸುತ್ತದೆ. ಇಳಿತದ ಹೊತ್ತಿಗೆ ಹಸಿ ಮರಳಿನ ಕೆಳಗೆ ನೆಲ ಉಳುತ್ತಾ ಹೋಗಿ ಮರುವಾಯಿ ಹುಡುಕುತ್ತದೆ. ಮರುವಾಯಿ ಎರಡು ಚಿಪ್ಪು ಗಟ್ಟಿಯಾಗಿ ಮುಚ್ಚಿಕೊಂಡು ಕೂತರೂ ಅದಕ್ಕೆ ಬೇಸರವಿಲ್ಲ. ಚಿಪ್ಪನ್ನು ತನ್ನ ಅಗಲದ ಪಾದದಲ್ಲಿ ಅಪ್ಪಿಕೊಂಡು, ಒಂದು ಜಾಗಕ್ಕೆ ತನ್ನ ಮೈಯ ಹುಳಿ ರಸ ಸವರುತ್ತದೆ. ಜಾಗ ಸ್ವಲ್ಪ ಮೆದುವಾದ ಮೇಲೆ ನಾಲಗೆಯಿಂದ ಕೆರೆಯುತ್ತದೆ. ಆ ನಾಲಗೆಯ ತುಂಬ ಹಲ್ಲು. ಆಮೇಲೆ ಮತ್ತೆ ರಸ, ಮತ್ತೆ ಕೆರೆತ. ದಿನಗಟ್ಟಲೆ ಇದೇ. ಕೊನೆಗೆ ಹೊರಗೆ ಅಗಲ, ಒಳಗೆ ಕಿರಿದಾದ ಒಂದು ತೂತು ಆಗುತ್ತದೆ, ಮರದ ಕೆಲಸದವನು ತಿರುಪು ಕೂರಿಸಲು ಮಾಡಿದ ಹಾಗೆ. ಅದರಲ್ಲಿ ಸೊಂಡಿಲು ತೂರಿಸಿ ಒಳಗಿನ ಮೆತ್ತಗಿನದನ್ನೆಲ್ಲ ತಿನ್ನುತ್ತದೆ. ನಮ್ಮ ದಂಡೆಯಲ್ಲಿ ಮೂರರಲ್ಲಿ ಒಂದು ಚಿಪ್ಪಿಗೆ ತೂತು ಇರುತ್ತದೆ. ಮಕ್ಕಳು ಸೂಜಿಯ ಸಹಾಯವಿಲ್ಲದೆ ಮಾಲೆ ಪೋಣಿಸುತ್ತಾರೆ.

ಇಷ್ಟು ಎಲ್ಲ ಕಡಲಿನಲ್ಲೂ ನಡೆಯುವುದೇ. ನಮ್ಮಲ್ಲಿ ಅದು ಮನೆಗಳಿಗೂ ಬರುತ್ತದೆ.

ನಮ್ಮ ಮನೆಗಳ ಗೋಡೆಗೆ ಮರುವಾಯಿ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ. ಹುಳುವಿಗೆ ಮನೆ ಎಂದರೆ ಬಹುಶಃ ದೊಡ್ಡ ಮರುವಾಯಿ. ಮರುವಾಯಿಯಲ್ಲಿ ಅದು ಚಿಪ್ಪುಗಳು ಕೂಡುವ ಕೀಲಿನ ಹತ್ತಿರ ಕೊರೆಯುತ್ತದೆ, ಮನೆಯಲ್ಲಿ ಬಾಗಿಲಿನ ಬಿಜಾಗರಿಯ ಹತ್ತಿರ ಕೊರೆಯುತ್ತದೆ. ಒಂದು ಗೇಣು ದಪ್ಪದ ಗೋಡೆಗೆ ಹನ್ನೊಂದು ದಿನ ಬೇಕು. ಹನ್ನೊಂದನೆಯ ದಿನ ಸೊಂಡಿಲು ಒಳಗೆ ಬಂದು ಮನೆಯಲ್ಲಿ ಎಲ್ಲಕ್ಕಿಂತ ಮೆತ್ತಗಿರುವುದನ್ನು ತಿಂದು ಹೋಗುತ್ತದೆ. ಹಾಸಿಗೆ, ಬೆಕ್ಕು, ಬೆಣ್ಣೆ ಮುಟ್ಟುವುದಿಲ್ಲ. ಹೋಟೆಲಿನ ಅಪ್ಪಿರಾಯರ ಮನೆಯಲ್ಲಿ ಅವರ ನಾಚಿಕೆ ತಿಂದಿತ್ತು. ನಾಲ್ಕು ವರ್ಷ ಯಾರಿಗೂ ಅದು ಗೊತ್ತಾಗಲಿಲ್ಲ. ದೋಣಿ ಕಟ್ಟುವ ಅಣ್ಣತಮ್ಮಂದಿರ ಮನೆಯಲ್ಲಿ ತೀರಿಹೋದ ನಾಯಿಯ ಹೆಸರು ತಿಂದಿತು. ನಾಯಿ ನೆನಪಿದೆ, ಅದರ ಕುಂಟು ಕಾಲೂ ನೆನಪಿದೆ. ಹೆಸರನ್ನು ಊರವರು ಎಷ್ಟು ಸಲ ಹೇಳಿಕೊಟ್ಟರೂ ಅದು ಬೇರೆ ಯಾವುದೋ ನಾಯಿಯದ್ದು ಎನ್ನುತ್ತಾರೆ.

ಊರಿನ ಕಟ್ಟಳೆ ಎರಡೇ. ಒಂದು, ಹುಳುವನ್ನು ಮುಟ್ಟಬಾರದು. ಕಿತ್ತು ಕಡಲಿಗೆ ಎಸೆದರೆ ಅದು ಹಳೆಯ ತೂತಿಗೆ ಮರಳುವುದಿಲ್ಲ, ಪಕ್ಕದ ಮನೆಯಲ್ಲಿ ಹೊಸದಾಗಿ ಶುರುಮಾಡುತ್ತದೆ. ಎರಡು, ಮನೆ ಖಾಲಿ ಮಾಡಬಾರದು. ಒಬ್ಬರಾದರೂ ಒಳಗಿರಬೇಕು. ಇಲ್ಲದಿದ್ದರೆ ಅದು ಖಾಲಿ ಚಿಪ್ಪೆಂದು ತಿಳಿದು, ಆಗಲೂ ಪಕ್ಕದ ಮನೆಗೇ ಹೋಗುತ್ತದೆ. ಒಳಗಿದ್ದುಕೊಂಡು ಏನು ಬೇಕಾದರೂ ಮಾಡಬಹುದು. ಕೆಲವು ಸಲ ಹುಳುವೇ ಅರ್ಧ ಕೊರೆದು ಬಿಟ್ಟು ಹೋಗುವುದುಂಟು. ಅಂಥ ಅರೆತೂತಿನ ಮನೆಯವರಿಗೆ ಊರಲ್ಲಿ ಒಂದು ತೂಕ ಜಾಸ್ತಿ. ಅದರಲ್ಲಿ ಕುಂಕುಮ ಇಟ್ಟು, ಹೆಣ್ಣು ನೋಡಲು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತಾರೆ.

ನಾನು ದಿನಕ್ಕೊಮ್ಮೆ ಹೋಗಿ ಹುಳುವಿನ ಪಕ್ಕದಿಂದ ಕಡ್ಡಿ ತೂರಿಸಿ ಆಳ ನೋಡಿ ಮನೆಯವರಿಗೆ ಹೇಳುತ್ತೇನೆ. ಎಲ್ಲ ಮುಗಿದ ಮೇಲೆ ಅವರಲ್ಲಿ ಏನು ಹೋಯಿತೆಂದು ಕೇಳಿ ಪುಸ್ತಕದಲ್ಲಿ ಬರೆಯುತ್ತೇನೆ. ಕಟ್ಟಳೆ ಮುರಿಯದ ಹಾಗೆ ನೋಡಿಕೊಳ್ಳುವುದೂ ನನ್ನದೇ. ಎಂಟು ವರ್ಷದ ಹಿಂದೆ ಪಕ್ಕದ ದೂಮಣ್ಣನ ಮನೆಯಲ್ಲಿ ಹುಳು ಕೂತಾಗ ಅವರು ನನ್ನ ಕೈ ಹಿಡಿದು, "ವಾರಿಜಕ್ಕ, ಒಂದೇ ಒಂದು ಸಲ ಕಣ್ಣು ಮುಚ್ಚಿ, ನಾನು ತೆಗೆದು ಬಿಸಾಡ್ತೇನೆ" ಎಂದಿದ್ದರು. ದೂಮಣ್ಣ ಬಲೆ ನೇಯುವವರು, ಯಾರ ಕೈಯನ್ನೂ ಹಾಗೆ ಹಿಡಿಯುವವರಲ್ಲ. ನಾನು ಕೈ ಬಿಡಿಸಿಕೊಂಡು, "ಇವತ್ತು ಐದು ಬೆರಳು ಆಗಿದೆ" ಎಂದು ಹೇಳಿ ಬಂದಿದ್ದೆ. ಹನ್ನೊಂದನೆಯ ದಿನ ಅವರ ಹೆಂಡತಿ ಕಲ್ಯಾಣಿಯಕ್ಕನ ನಗು ಹೋಯಿತು. ಅವರು ದುಃಖದಲ್ಲೇನೂ ಇಲ್ಲ, ಹೊಟ್ಟೆ ತುಂಬ ಉಣ್ಣುತ್ತಾರೆ, ನೆಂಟರ ಮನೆಗೆ ಹೋಗುತ್ತಾರೆ. ನಗುವುದಿಲ್ಲ, ಅಷ್ಟೆ. ದೂಮಣ್ಣ ಈಗಲೂ ಸಂಜೆ ಬಲೆ ಹಿಡಿದು ಜಗಲಿಯಲ್ಲಿ ಕೂತು ಅವರಿಗೊಂದು ತಮಾಷೆ ಹೇಳುತ್ತಾರೆ. ಕಲ್ಯಾಣಿಯಕ್ಕ ಪೂರ್ತಿ ಕೇಳಿ, "ಹೌದಾ" ಎನ್ನುತ್ತಾರೆ.

ಕಳೆದ ದೀಪಾವಳಿಯ ಮರುವಾರ ನಮ್ಮ ಮನೆಗೆ ಹುಳು ಬಂತು. ಮೊದಲು ನೋಡಿದ್ದು ನನ್ನ ಅತ್ತೆ ಶೇಸಮ್ಮ. ಅಂಗಳ ಗುಡಿಸುತ್ತಿದ್ದವರು ಬಾಗಿಲ ಬಳಿ ನಿಂತು, "ವಾರಿಜಾ, ನಿನ್ನ ನೆಂಟರು ಬಂದಿದ್ದಾರೆ ನೋಡು" ಎಂದು ಕೂಗಿದರು. ನಾನು ಬಂದು ನೋಡಿದೆ. ಮೇಲಿನ ಬಿಜಾಗರಿಯಿಂದ ಒಂದು ಗೇಣು ಎಡಕ್ಕೆ, ಸರಿಯಾದ ಜಾಗದಲ್ಲೇ ಕೂತಿತ್ತು. ಕಡಲಿನಿಂದ ಅಂಗಳದವರೆಗೆ ಮರಳಿನಲ್ಲಿ ಅದು ಬಂದ ದಾರಿ ಕಾಣುತ್ತಿತ್ತು. ಅತ್ತೆ ಆ ದಾರಿಯ ಮೇಲೂ ಹಿಡಿಸೂಡಿ ಆಡಿಸಿ ಗುಡಿಸಿ ಮುಗಿಸಿದರು.

ನಮ್ಮ ಮನೆಯಲ್ಲಿ ಇರುವುದು ನಾವಿಬ್ಬರೇ. ನನ್ನ ಗಂಡ ಲೋಕಯ್ಯ ಐದು ವರ್ಷದ ಹಿಂದೆ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ತೀರಿಕೊಂಡರು. ಅತ್ತೆಗೆ ಒಬ್ಬನೇ ಮಗ. ನನಗೂ ಅತ್ತೆಗೂ ಹತ್ತೊಂಬತ್ತು ವರ್ಷದಿಂದ ಜಗಳ. ನಾನು ಮದುವೆಯಾಗಿ ಬಂದ ಮೊದಲನೆಯ ದಿನ ಗಂಜಿ ಪಾತ್ರೆಯ ಮುಚ್ಚಳದ ಮೇಲೆ ಸೌಟನ್ನು ಅಂಗಾತ ಇಟ್ಟಿದ್ದೆ. ಈ ಮನೆಯಲ್ಲಿ ಕವುಚಿ ಇಡುತ್ತಾರೆ. ಅತ್ತೆ ಸೌಟನ್ನು ಎತ್ತಿ ಹಿಡಿದು, "ಇದು ಯಾರ ಮನೆಯ ಅಭ್ಯಾಸ?" ಎಂದು ಕೇಳಿದರು. "ನನ್ನ ಅಮ್ಮನ ಮನೆಯದ್ದು, ಎಂತ ಈಗ?" ಎಂದೆ. ಅಲ್ಲಿಂದ ಶುರುವಾದದ್ದು ಸಾರಿನ ಹುಳಿ, ಒಲೆಯ ಬೂದಿ, ಬಟ್ಟೆ ಒಣಹಾಕುವ ಹಗ್ಗ ಎಂದು ಬೆಳೆಯುತ್ತಾ ಹೋಯಿತು. ಊರಲ್ಲಿ ಹೊತ್ತು ತಿಳಿಯಬೇಕಾದರೆ ಗಡಿಯಾರ ಬೇಡ, ಶೇಸಮ್ಮನ ಮನೆಗೆ ಕಿವಿ ಕೊಟ್ಟರೆ ಸಾಕು ಎನ್ನುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಜಗಳ 'ಓಯ್'ನದ್ದು. ಲೋಕಯ್ಯ ಕಡಲಿನಿಂದ ಬರುವಾಗ ಗಾಳಿಮರಗಳ ಹತ್ತಿರ ತಲುಪಿದ ಕೂಡಲೇ "ಓಯ್, ನೀರು ಕಾಯಿಸು!" ಎಂದು ಕೂಗುತ್ತಿದ್ದರು. ಯಾರ ಹೆಸರೂ ಇಲ್ಲ. ಅಮ್ಮನನ್ನೂ 'ನೀನು' ಎಂದೇ ಕರೆಯುತ್ತಿದ್ದ ಮನುಷ್ಯ, ಆದ್ದರಿಂದ ಆ ಮಾತಿನಿಂದ ಏನೂ ತೀರ್ಮಾನವಾಗುತ್ತಿರಲಿಲ್ಲ. ಅತ್ತೆಯೂ ಏಳುತ್ತಿದ್ದರು, ನಾನೂ ಏಳುತ್ತಿದ್ದೆ. ಬಚ್ಚಲಿನ ಬಾಗಿಲಲ್ಲಿ ಇಬ್ಬರಿಗೂ ಡಿಕ್ಕಿ. "ನನ್ನನ್ನು ಕರೆದದ್ದು ಅವನು." "ಅಲ್ಲ, ನನ್ನನ್ನು." ಅವರನ್ನೇ ಕೇಳಿದರೆ, "ಯಾರು ಕಾಯಿಸಿದ್ರೂ ನೀರು ಬಿಸಿಯೇ ಅಲ್ವಾ" ಎಂದು ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ತೀರ್ಮಾನ ಮಾಡದೆಯೇ ಹೋದರು. ಆ ಮೇಲೆ ಐದು ವರ್ಷ ದಿನಾ ಸಂಜೆ ನಾವು ಅದರ ಬಗ್ಗೆಯೇ ಜಗಳ ಆಡಿದ್ದೇವೆ. ಜಗಳದ ನಡುವೆ ಅತ್ತೆ ಅವರ ಸ್ವರ ತೆಗೆದು ಕೂಗಿ ತೋರಿಸುತ್ತಿದ್ದರು, "ಹೀಗೆ ಕರೀತಿದ್ದ, ಹೀಗೆ! ಹೆಂಡತಿಯನ್ನು ಯಾರಾದ್ರೂ ಹೀಗೆ ಕರೀತಾರಾ?" ಸ್ವರ ಅಷ್ಟು ಸರಿಯಾಗಿ ಬರುತ್ತಿತ್ತು. ದೂಮಣ್ಣ ಬಲೆಯಿಂದ ತಲೆ ಎತ್ತಿ ಗಾಳಿಮರದ ಕಡೆ ನೋಡುತ್ತಿದ್ದರು.

ಆದ್ದರಿಂದ ಮೆತ್ತಗಿನದು ಯಾವುದು ಎಂಬ ಬಗ್ಗೆ ನಮಗೆ ಅನುಮಾನ ಇರಲಿಲ್ಲ. ಆ ಸ್ವರ. ಅತ್ತೆಯ ಗಂಟಲಿನಲ್ಲಿ ಅರ್ಧ, ನನ್ನ ಕಿವಿಯಲ್ಲಿ ಅರ್ಧ. ಬೇರೆ ಎಲ್ಲೂ ಅದು ಇರಲಿಲ್ಲ.

ಮೆತ್ತೆ, ಬೂರುಗದ ದಿಂಬು, ಬೆಕ್ಕು, ಲೋಕಯ್ಯನ ಎರಡು ಅಂಗಿ ಇವನ್ನೆಲ್ಲ ಕಲ್ಯಾಣಿಯಕ್ಕನ ಮನೆಗೆ ಸಾಗಿಸಿದೆವು. ಅವನ್ನು ಹುಳು ತಿನ್ನುವುದಿಲ್ಲವೆಂದು ನನಗೆ ಗೊತ್ತು, ಆದರೂ ಎಲ್ಲ ಮನೆಯವರೂ ಸಾಗಿಸುತ್ತಾರೆ, ನಾವೂ ಸಾಗಿಸಿದೆವು. ಆಮೇಲೆ ಯಾರು ಹೋಗುವುದು, ಯಾರು ಇರುವುದು ಎಂಬ ಮಾತು ಬಂತು. ಹುಳು ಒಳಗಿರುವವರದ್ದನ್ನು ಮಾತ್ರ ತಿನ್ನುತ್ತದೆ, ಹೋದವರ ಪಾಲು ಉಳಿಯುತ್ತದೆ. ಅತ್ತೆ ಹೇಳಿದರು, "ನೀನು ತವರಿಗೆ ಹೋಗು. ಇಲ್ಲಿ ಇದ್ದು ಎಂತ ಮಾಡ್ತಿ? ಗಾರೆ ಕಲಸ್ಲಿಕ್ಕೂ ಬರುದಿಲ್ಲ ನಿಂಗೆ."

"ನೀವು ಹೋಗಿ ನಿಮ್ಮ ತಮ್ಮನ ಮನೆಗೆ. ಮೊಣಕಾಲು ನೋವು ಅಂತ ದಿನಾ ನರಳ್ತೀರಿ."

"ನನ್ನ ಮನೆಯಿಂದ ನನ್ನನ್ನೇ ಓಡಿಸ್ಲಿಕ್ಕೆ ನೋಡ್ತಿಯಾ?"

"ನಿಮ್ಮ ಮನೆ ಅಂತ ಗೋಡೆಯಲ್ಲಿ ಬರೆದುಂಟಾ?"

ನಿಜ ಹೇಳಬೇಕೆಂದರೆ ನನಗೆ ಅವರ ಪಾಲು ಉಳಿಯಬೇಕಿತ್ತು. ಹೆತ್ತವರು, ಎಪ್ಪತ್ತೊಂದು ವರ್ಷ, ಆ ಸ್ವರವೂ ಹೋದರೆ ಹೇಗೆ ಎದ್ದು ಓಡಾಡುತ್ತಾರೆ ಎಂದು ನನಗೆ ಹೆದರಿಕೆಯಾಗಿತ್ತು. ಅವರಿಗೂ ನನ್ನ ಬಗ್ಗೆ ಹಾಗೆಯೇ ಇತ್ತೆಂದು ಈಗ ಗೊತ್ತು. ಆದರೆ ನಮ್ಮಿಬ್ಬರಿಗೂ ಒಬ್ಬರಿಗೊಬ್ಬರು ಏನಾದರೂ ಹೇಳಬೇಕಾದರೆ ಬೇರೆ ದಾರಿ ಗೊತ್ತಿರಲಿಲ್ಲ. ಮೂರು ದಿನ ಇದೇ ಜಗಳವಾಗಿ ಇಬ್ಬರೂ ಹೋಗಲಿಲ್ಲ.

ತನ್ನ ಮನೆಯ ತೂತನ್ನು ತಾನೇ ಅಳೆಯಬಾರದೆಂದು ಊರವರು ಆ ಕೆಲಸಕ್ಕೆ ದೂಮಣ್ಣನನ್ನು ಹಾಕಿದರು. ಅವರು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ನನ್ನದೇ ಕಡ್ಡಿ ಹಿಡಿದು ಬರುತ್ತಿದ್ದರು. ನಾನು ಒಮ್ಮೆಯೂ ಬಿಳಿ ಬಟ್ಟೆ ಉಟ್ಟು ಹೋದವಳಲ್ಲ. ಕಡ್ಡಿ ಹಾಕಿ, ಗುರುತು ನೋಡಿ, ಮೆಲ್ಲಗೆ ಹೇಳುತ್ತಿದ್ದರು. ನಾನು ತೆಂಗಿನಮರದ ತುದಿ ನೋಡುತ್ತಿದ್ದೆ. ಈ ಕಡೆ ನಿಂತು ಕೇಳುವಾಗ 'ಮೂರು ಬೆರಳು' ಎಂಬುದು ಬೇರೆಯೇ ರೀತಿ ಕೇಳುತ್ತದೆ.

ನಾಲ್ಕನೆಯ ದಿನ ಅತ್ತೆ ಒಳಗಿನಿಂದ ಗೋಡೆಗೆ ಗಾರೆ ಮೆತ್ತಲು ಶುರುಮಾಡಿದರು. ಹೊಸ ಯೋಚನೆಯೇನಲ್ಲ, ಎಲ್ಲರೂ ಒಂದೆರಡು ದಿನ ಮಾಡಿ ಬಿಡುತ್ತಾರೆ. ಸುಣ್ಣವೆಂದರೆ ಹುಳುವಿಗೆ ಇಷ್ಟ, ನಾವು ಹಾಕಿದಷ್ಟೂ ಅದು ಕೊರೆಯುತ್ತದೆ. ಅತ್ತೆ ಬಿಡಲಿಲ್ಲ. ಅದು ದಿನಕ್ಕೊಂದು ಬೆರಳು ಕೊರೆದರೆ ಇವರು ಕಾಲು ಬೆರಳು ಮೆತ್ತುತ್ತಿದ್ದರು. ಗಾರೆಗೆ ಬೆಲ್ಲದ ನೀರು ಎಷ್ಟು ಹಾಕಬೇಕೆಂದು ನಮಗೆ ಜಗಳ. ಜಾಸ್ತಿ ಹಾಕಿದರೆ ಗಟ್ಟಿ ಎಂದು ಅವರು, ಜಾಸ್ತಿ ಹಾಕಿದರೆ ಇರುವೆ ಎಂದು ನಾನು. ಗೋಡೆ ಒಳಗಿನಿಂದ ಬಸುರಿಯ ಹೊಟ್ಟೆಯ ಹಾಗೆ ಉಬ್ಬುತ್ತಾ ಬಂತು. ಇರುವೆಯೂ ಬಂತು. "ನೋಡಿ, ನಾನು ಹೇಳ್ಲಿಲ್ವಾ" ಎಂದೆ. "ಇರುವೆ ಬಂದ್ರೆ ನಿಂಗೆ ಸಂತೋಷ" ಎಂದರು ಅತ್ತೆ.

ಒಂಬತ್ತನೆಯ ದಿನ ದೂಮಣ್ಣ ಕಡ್ಡಿ ಹೊರತೆಗೆದು ಬಹಳ ಹೊತ್ತು ನೋಡಿದರು. ಆಮೇಲೆ ಅತ್ತೆಗೆ ಕೇಳದ ಹಾಗೆ ನನ್ನನ್ನು ಅಂಗಳದ ಮೂಲೆಗೆ ಕರೆದರು.

"ವಾರಿಜಕ್ಕ, ನಾನು ಇದನ್ನು ತೆಗೀತೇನೆ. ತೆಗೆದು ಬಿಸಾಡುದಲ್ಲ, ನನ್ನ ಮನೆಯ ಗೋಡೆಗೇ ಹಚ್ತೇನೆ. ಹೇಗೂ ಪಕ್ಕದ್ದು ನಮ್ಮದೇ ಮನೆ. ಯಾರಿಗೂ ಗೊತ್ತಾಗುದಿಲ್ಲ."

ಅವರು ತಮ್ಮ ಮನೆಯ ಕಡೆ ಕೈ ತೋರಿಸಿದರು.

"ನಮ್ಮಲ್ಲಿ ಇನ್ನು ಮೆತ್ತಗಿನದ್ದು ಎಂತ ಉಂಟು ಹೇಳಿ? ಇದ್ದದ್ದನ್ನು ತಿಂದಾಗಿದೆ. ಬಂದು ಖಾಲಿ ಹೊಟ್ಟೆಯಲ್ಲಿ ಹೋಗ್ತದೆ."

ಎಂಟು ವರ್ಷದ ಹಿಂದೆ ನಾನು ಬಿಡಿಸಿಕೊಂಡಿದ್ದ ಕೈ ಅದೇ. ಒಪ್ಪಿಬಿಡಬೇಕೆಂದು ನನಗೆ ತುಂಬ ಆಸೆಯಾಯಿತು. ಅಷ್ಟರಲ್ಲಿ ಅವರ ಜಗಲಿ ಕಣ್ಣಿಗೆ ಬಿತ್ತು. ಕಲ್ಯಾಣಿಯಕ್ಕ ದೂಮಣ್ಣ ಕೂರುವ ಮಣೆ ಒರೆಸಿ ಇಡುತ್ತಿದ್ದರು. ಸಂಜೆ ಅದರಲ್ಲಿ ಕೂತು ಅವರು ಇನ್ನೊಂದು ತಮಾಷೆ ಹೇಳಲಿದ್ದರು, ಇವರು ಪೂರ್ತಿ ಕೇಳಲಿದ್ದರು.

"ಬೇಡ ದೂಮಣ್ಣ, ನಿಮ್ಮಲ್ಲಿ ಇನ್ನೂ ಉಂಟು" ಎಂದೆ. ಅವರಿಗೆ ಅರ್ಥವಾಗಲಿಲ್ಲ. "ಮೂರು ಬೆರಳು ಉಳಿದಿದೆ" ಎಂದು ಹೇಳಿ ಹೋದರು. ಒಳಗೆ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. "ಅವರಾಗಿಯೇ ತೆಗೀತೇನೆ ಅಂದ್ರೂ ಬೇಡ ಅಂದಿಯಲ್ಲ! ನನ್ನ ಮಗನ ಸ್ವರಕ್ಕಿಂತ ನಿಂಗೆ ನಿನ್ನ ಕಡ್ಡಿ ದೊಡ್ಡದಾಯ್ತು" ಎಂದು ಶುರುಮಾಡಿದರು. ಮಧ್ಯಾಹ್ನದ ಊಟದವರೆಗೂ ಬೈದು, ಊಟ ಮಾಡಿ, ಮತ್ತೆ ಬೈದರು. ಕೊನೆಗೆ ಸುಸ್ತಾಗಿ ಗೋಡೆಗೆ ಒರಗಿ, "ಅಲ್ಲ, ಕಲ್ಯಾಣಿಗೆ ಇನ್ನೂ ಎಂತಾದ್ರೂ ಹೋಗುದು ಬೇಡ. ಸರಿಯೇ ಮಾಡಿದ್ದಿ" ಎಂದು ಗೊಣಗಿದರು. ಅದನ್ನು ನನಗೆ ಕೇಳಿಸಲೆಂದು ಹೇಳಿದ್ದಲ್ಲ.

ಗಾರೆಯ ದೆಸೆಯಿಂದ ನಮ್ಮದು ಹನ್ನೊಂದಲ್ಲ, ಹದಿಮೂರು ದಿನ ಹಿಡಿಯಿತು. ಊರಲ್ಲಿ ಅಷ್ಟು ದಿನ ತಡೆದವರಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ಬೆಲ್ಲ ಮುಗಿದಿತ್ತು. ಡಬ್ಬಿ ಮುಗಿಯುವುದನ್ನು ನೋಡಿಯೂ ಹೇಳಲಿಲ್ಲವೆಂದು ಅತ್ತೆ, ಎಲ್ಲ ಗೋಡೆಗೇ ಸುರಿದರೆ ಇನ್ನೇನಾಗುತ್ತದೆ ಎಂದು ನಾನು. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಜೋರಿನ ಜಗಳ ನಾವು ಆಡಿರಲಿಲ್ಲ. ಅತ್ತೆ ಗಾರೆಯ ಕರಣೆಯನ್ನು ನೆಲಕ್ಕೆ ಕುಕ್ಕಿದರು. ಆ ಹೊತ್ತಿಗೆ ಗೋಡೆಯ ಉಬ್ಬಿನಿಂದ ಒಂದು ಚೂರು ಸುಣ್ಣ ಉದುರಿತು. ದೀಪದ ಬತ್ತಿಯಷ್ಟು ಸಪೂರದ, ನಸುಗೆಂಪು ಸೊಂಡಿಲು ಹೊರಗೆ ಬಂದು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿತು.

ಅತ್ತೆ ತಮ್ಮ ಬಾಯಿ ಮುಚ್ಚಿಕೊಳ್ಳಲಿಲ್ಲ. ಗಾರೆ ಮೆತ್ತಿದ ಎರಡೂ ಕೈಯಿಂದ ನನ್ನ ಕಿವಿ ಮುಚ್ಚಿದರು. ನಾನು ಅವರ ಕಿವಿ ಮುಚ್ಚಿದೆ. ಹಾಗೆಯೇ ಎದುರುಬದುರು ನಿಂತೆವು. ನನಗೆ ಅವರ ತುಟಿ ಅಲುಗಾಡುವುದು ಕಾಣುತ್ತಿತ್ತು, ಬೈಯುತ್ತಿದ್ದರೋ ಪ್ರಾರ್ಥನೆ ಮಾಡುತ್ತಿದ್ದರೋ ಗೊತ್ತಿಲ್ಲ. ನಮ್ಮಿಬ್ಬರ ಮುಖದ ನಡುವೆ ಆ ಸೊಂಡಿಲು ಸ್ವಲ್ಪ ಹೊತ್ತು ನಿಂತು, ನಿಧಾನವಾಗಿ ಹಿಂದಕ್ಕೆ ಹೋಯಿತು. ಹೊರಗೆ ಹುಳು ಪೊತ್ತೆಂದು ನೆಲಕ್ಕೆ ಬಿತ್ತು. ಅಂಗಳ ದಾಟಿ ಕಡಲಿಗೆ ಹೋಗಲು ಅದಕ್ಕೆ ಮಧ್ಯಾಹ್ನದವರೆಗೆ ಹಿಡಿಯಿತು.

ದೂಮಣ್ಣ ಪುಸ್ತಕ ಹಿಡಿದು ಬಂದರು. ನಾನು ಬೇರೆಯವರಿಗೆ ಕೇಳುವ ಪ್ರಶ್ನೆಗಳನ್ನೇ ಸಾಲಾಗಿ ಕೇಳಿದರು. ಉಪ್ಪು ರುಚಿ ಇದೆಯಾ, ಹೆಸರುಗಳು ಇವೆಯಾ, ತಾಯಿಯ ಮುಖ ಕಣ್ಣಿಗೆ ಬರುತ್ತದಾ. ಎಲ್ಲ ಇತ್ತು. ಕೊನೆಗೆ ತಡೆತಡೆದು, "ಶೇಸಮ್ಮ, ಲೋಕುವಿನ ಸ್ವರ?" ಎಂದರು. ಅತ್ತೆ ಜಗಲಿಗೆ ಹೋಗಿ, ಕಣ್ಣು ಮುಚ್ಚಿ, ಕೂಗಿದರು. "ಓಯ್, ನೀರು ಕಾಯಿಸು!" ಹಾಗೆಯೇ ಇತ್ತು. ಕೊನೆಯಲ್ಲಿ ಸ್ವಲ್ಪ ಒಡೆಯುವುದೂ ಹಾಗೆಯೇ. ನನ್ನ ಕಿವಿಯೂ ಗುರುತು ಹಿಡಿಯಿತು. ನಾನು ಅಲ್ಲೇ ನೆಲದಲ್ಲಿ ಕೂತು ಅತ್ತುಬಿಟ್ಟೆ. ಹಸಿದು ಬಂದ ಹುಳು ಹಸಿದೇ ಹೋಯಿತೆಂದು ಊರೆಲ್ಲ ಸುದ್ದಿಯಾಯಿತು. ಪುಸ್ತಕದಲ್ಲಿ ದೂಮಣ್ಣ ನಮ್ಮ ಹೆಸರಿನ ಮುಂದೆ 'ಏನೂ ಇಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದರು. ಬಂದವರಿಗೆಲ್ಲ ಚಹಾ ಮಾಡಿಕೊಟ್ಟೆವು, ಬೆಲ್ಲ ಇಲ್ಲದ್ದರಿಂದ ಸಪ್ಪೆ ಚಹಾ.

ಮರುದಿನ ಬೆಳಿಗ್ಗೆ ನಾನು ಏಳುವಾಗ ಅತ್ತೆ ಬಾಗಿಲ ಬಳಿ ನಿಂತಿದ್ದರು. "ಎದ್ರಾ? ನಿದ್ದೆ ಸರಿಯಾಗಿ ಬಂತಾ?" ಎಂದು ಕೇಳಿದರು. ಹಿಂದಿನ ದಿನದ ಸಂತೋಷ ಇನ್ನೂ ಇಳಿದಿಲ್ಲವೆಂದುಕೊಂಡೆ. ಗಂಜಿಗೆ ಕೂತಾಗ ನನಗೆ ನೆಂಟರಿಗೆ ಹಾಕುವ ಮಣೆ ಹಾಕಿದರು. ಉಪ್ಪಿನಕಾಯಿ ಬೇಕಾ ಎಂದು ಎರಡು ಸಲ ಕೇಳಿದರು. ನಾನೂ, "ನೀವು ಮೊದಲು ಹಾಕಿಕೊಳ್ಳಿ" ಎಂದೆ. ಮೂರನೆಯ ದಿನ ನನಗೆ ಅನುಮಾನ ಬಂದು ಮೀನಿನ ಸಾರಿಗೆ ಬೇಕೆಂದೇ ಒಂದು ಹಿಡಿ ಉಪ್ಪು ಜಾಸ್ತಿ ಹಾಕಿದೆ. ಅತ್ತೆ ಉಂಡು, ನೀರು ಕುಡಿದು, ಇನ್ನೊಂದು ಲೋಟ ನೀರು ಕುಡಿದು, "ಒಳ್ಳೆದಾಗಿದೆ" ಎಂದರು.

ಅವರ ಮೇಲೆ ಸಿಟ್ಟು ಬರುತ್ತದಾ ಎಂದು ನನ್ನೊಳಗೆ ಹುಡುಕಿದೆ. ಸಿಟ್ಟಿನ ಜಾಗದಲ್ಲಿ, ಬಸ್ಸಿನಲ್ಲಿ ಪಕ್ಕ ಕೂತ ಹಿರಿಯ ಹೆಂಗಸಿನ ಬಗ್ಗೆ ಇರುವಷ್ಟು ಮರ್ಯಾದೆ ಇತ್ತು. ಅದರಾಚೆಗೆ ಕೈಗೆ ಏನೂ ಸಿಗಲಿಲ್ಲ. ಆ ಸಂಜೆ ಜಗಲಿಯಲ್ಲಿ ಕೂತು ಕೇಳಿದೆ, "ಅತ್ತೆ, ಅವರು ಓಯ್ ಅಂತ ಕರೀತಿದ್ದದ್ದು ಯಾರನ್ನು?"

"ನಿಮ್ಮನ್ನೇ ಅಲ್ವಾ. ಹೆಂಡತಿಯನ್ನಲ್ಲದೆ ಮತ್ತೆ ಯಾರನ್ನು ಕರೀತಾರೆ ಪಾಪ."

"ಇಲ್ಲ, ನಿಮ್ಮನ್ನೇ ಇರ್ಬೇಕು."

"ಇರಬಹುದು" ಎಂದು ಅವರು ಹೂಬತ್ತಿ ಹೊಸೆಯುವುದನ್ನು ಮುಂದುವರಿಸಿದರು.

ಸ್ವರ ನನ್ನ ಕಿವಿಯಲ್ಲಿ ಇತ್ತು. ಗಾಳಿಮರದವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಬರಲು ಅದಕ್ಕೆ ಮನೆಯೇ ಇರಲಿಲ್ಲ, ಎದ್ದು ಓಡುವವರೇ ಇರಲಿಲ್ಲ. ಹದಿನಾಲ್ಕು ವರ್ಷ ಬೇರೆಯವರ ಮನೆಯಲ್ಲಿ ಏನು ಹೋಯಿತೆಂದು ಕಂಡುಹಿಡಿದವಳಿಗೆ ನನ್ನ ಮನೆಯದ್ದು ಗೊತ್ತಾಗಲು ಮೂರು ದಿನ ಬೇಕಾಯಿತು. ಪುಸ್ತಕ ತರಿಸಿ 'ಏನೂ ಇಲ್ಲ' ಎಂಬುದನ್ನು ಹೊಡೆದುಹಾಕಿ 'ಜಗಳ' ಎಂದು ಬರೆದೆ. ದೂಮಣ್ಣ ಓದಿ, "ಅದು ಹೋದದ್ದು ಒಳ್ಳೆದಾಯ್ತಲ್ಲ" ಎಂದರು. ನಾನು ಅಳುತ್ತಿರುವುದು ನೋಡಿ ತೆಂಗಿನಮರದ ತುದಿ ನೋಡಿದರು.

ತೂತು ಪೂರ್ತಿಯಾದ ಮನೆಯವರು ಅದಕ್ಕೆ ಮರದ ಬೆಣೆ ಹೊಡೆದು ಮುಚ್ಚಿ, ಇನ್ನು ಇಷ್ಟೇ ಎಂದು ಬದುಕುತ್ತಾರೆ. ಹಾಗೆ ಮಾಡಿ ಎಂದು ಎಲ್ಲರಿಗೂ ಹೇಳುವವಳು ನಾನೇ. ನಾನು ಬೆಣೆ ಹೊಡೆಯಲಿಲ್ಲ. ಗಂಜಿ ಪಾತ್ರೆಯ ಮುಚ್ಚಳದ ಮೇಲೆ ಸೌಟನ್ನು ಅಂಗಾತ ಇಟ್ಟೆ.

ಅತ್ತೆ ಅದನ್ನು ನೋಡಿದರು, ಮಾತಾಡಲಿಲ್ಲ, ಕವುಚಿ ಇಟ್ಟರು. ಮರುದಿನ ಮತ್ತೆ ಅಂಗಾತ ಇಟ್ಟೆ. ಮತ್ತೆ ಕವುಚಿದರು. ದಿನಾ ಎರಡು ಹೊತ್ತು ಇದೇ. ಇಟ್ಟೆ, ಕಾದೆ, ಇಟ್ಟೆ, ಕಾದೆ. ಕೆಲಸದ ಮೇಲೆ ಹುಳುವನ್ನು ಹದಿನಾಲ್ಕು ವರ್ಷ ನೋಡಿದ್ದರಿಂದ ಅವಸರ ಮಾಡಬಾರದೆಂದು ನನಗೆ ಗೊತ್ತಿತ್ತು. ಹತ್ತು ದಿನವಾದ ಮೇಲೆ ಅವರು ಸೌಟನ್ನು ಕವುಚುವಾಗ ಸ್ವಲ್ಪ ಜೋರಾಗಿ ಸದ್ದಾಯಿತು. ಹದಿನಾರನೆಯ ದಿನ ಮೂಗಿನಲ್ಲಿ "ಹ್ಞೂಂ" ಎಂದರು. ನೆಂಟರ ಮಣೆ ಮಾತ್ರ ಹಾಕುತ್ತಲೇ ಇದ್ದರು. ಮೂವತ್ತೊಂದನೆಯ ದಿನ ನಾನು ಸೋತು, ಬಚ್ಚಲಿಗೆ ಹೋಗಿ ಬೆಣೆಗೆಂದು ಮರದ ತುಂಡು ಹುಡುಕುತ್ತಿದ್ದೆ. ಅಡಿಗೆಮನೆಯಿಂದ ಸ್ವರ ಬಂತು.

"ಇದು ಯಾರ ಮನೆಯ ಅಭ್ಯಾಸ?"

ಅತ್ತೆ ಸೌಟನ್ನು ಎತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಲ್ಲಿಂದ ಬಂತು ಈ ಮಾತು ಎಂದು ಅವರಿಗೇ ಆಶ್ಚರ್ಯವಾದ ಹಾಗೆ ಮುಖ ಇತ್ತು. ನಾನು ಹೇಳಿದೆ, "ನನ್ನ ಅಮ್ಮನ ಮನೆಯದ್ದು, ಎಂತ ಈಗ?"

"ಎಂತ ಈಗ ಅಂತೆ! ಬಾಯಿ ನೋಡು ಇವಳದ್ದು!"

ಒಮ್ಮೆ ದಾರಿಯಾದ ಮೇಲೆ ಉಳಿದದ್ದು ಒಂದೊಂದಾಗಿ ಬಂತು. ಮೊದಲು ಸಾರಿನ ಹುಳಿ, ಆಮೇಲೆ ಒಲೆಯ ಬೂದಿ. ಇನ್ನೂ ಎಳೆಯ ಜಗಳ, ನಡುವೆ ನಿಂತು ನಿಂತು ಹೋಗುತ್ತಿತ್ತು, ಒಂದೊಂದು ಸಲ ಅತ್ತೆ ಬೈಯುತ್ತಾ ಬೈಯುತ್ತಾ "ಕೂತ್ಕೊಳ್ಳಿ" ಎಂದುಬಿಡುತ್ತಿದ್ದರು. ಬೇಲಿಯ ಆಚೆಯಿಂದ ದೂಮಣ್ಣ ಕೇಳುತ್ತಿದ್ದರು. ಒಂದು ದಿನ ಬೇಲಿಯ ಹತ್ತಿರ ಬಂದು, "ವಾರಿಜಕ್ಕ, ನೀವು ಎಲ್ಲಿಂದ ಸುರು ಮಾಡಿದ್ದು?" ಎಂದರು. ಮೊದಲನೆಯ ದಿನದ್ದರಿಂದ ಎಂದೆ. ಅವರು ಬಲೆಯ ಸೂಜಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಯೋಚಿಸಿದರು. "ಹಾಗಾದ್ರೆ ನನ್ನದೇ ತಪ್ಪು. ಎಂಟು ವರ್ಷದಿಂದ ಹೊಸ ಹೊಸ ತಮಾಷೆ ಹೇಳ್ತಿದ್ದೇನೆ" ಎಂದು ಹೇಳಿ, ಮದುವೆಯಾದ ಹೊಸದರಲ್ಲಿ ಕಲ್ಯಾಣಿಗೆ ಮೊದಲು ಹೇಳಿದ್ದು ಯಾವುದೆಂದು ನೆನಪು ಮಾಡಿಕೊಳ್ಳುತ್ತಾ ಒಳಗೆ ಹೋದರು. ಅವರಿಗೆ ಇನ್ನೂ ನೆನಪಾಗಿಲ್ಲ. ಕಲ್ಯಾಣಿಯಕ್ಕನನ್ನೇ ಕೇಳಿದರಂತೆ. ಅವರೂ ಕೂತು ಯೋಚಿಸುತ್ತಿದ್ದಾರೆ.

ನಮ್ಮದು ಪೂರ್ತಿಯಾದದ್ದು ಮೊನ್ನೆ ಸಂಜೆ. ನಾನು ಯಾರದೋ ಮನೆಯ ತೂತು ಅಳೆದು ಬಂದು ಕಾಲು ತೊಳೆಯುತ್ತಿದ್ದೆ. ಅತ್ತೆ ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು. ಗಾಳಿಮರದ ಕಡೆ ನೋಡಿದರು. ಬೇಲಿಯಾಚೆ ಬಲೆಯ ಸೂಜಿಯೂ ನಿಂತಿತು.

"ಒಂದು ಮಾತು ಹೇಳ್ತೇನೆ, ಸರಿಯಾಗಿ ಕೇಳಿಕೋ" ಎಂದರು. "ಆ ದಿನ ನಾನು ಮರ್ಯಾದೆಗೆ ಹೇಳಿದ್ದು. ಅವನು ಕರೀತಿದ್ದದ್ದು ನನ್ನನ್ನು."

ನಾನು ಚೆಂಬು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡೆ.

"ಅಲ್ಲ, ನನ್ನನ್ನು" ಎಂದೆ.